ಎದುರಿಗೆ ಕೂತವರಷ್ಟೇ ಕಕ್ಷಿದಾರರಲ್ಲ

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದಲ್ಲಿ ವಕೀಲಿ ಮಾಡುವ ನನ್ನ ಬಳಿ ಬರುವವರಲ್ಲಿ ಮಠದವರು, ಬಸದಿಯವರು, ಚರ್ಚಿನವರು, ಸಮಾಜದ ಬೋರ್ಡಿಂಗ್ ನಡೆಸುವವರು ಹೆಚ್ಚು. ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ಮರಾಠಿ, ತೀರ್ಪುಗಳಲ್ಲಿ ಇಂಗ್ಲಿಷ್ ಎಂಬ ಈ ಗಡಿಯಲ್ಲಿ ಧರ್ಮಸಂಸ್ಥೆಗಳ ಕೆಲಸ ಕಲಿಯಲು ಬರುವ ಕಿರಿಯರಿಗೆ ಹೇಳುತ್ತ ಬಂದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಮಠದ ಕಾನೂನು ಬೇರೆ, ಚರ್ಚಿನ ಕಾನೂನು ಬೇರೆ ಎಂದುಕೊಂಡೇ ಅವರು ಬರುತ್ತಾರೆ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. 1950ರ ಸಾರ್ವಜನಿಕ ವಿಶ್ವಸ್ತ ಕಾಯ್ದೆ ‘ಪಬ್ಲಿಕ್ ಟ್ರಸ್ಟ್’ ಎಂದರೇನು ಎಂದು ಹೇಳುವಾಗ ಗುಡಿ, ಮಠ, ಚರ್ಚು, ಯಹೂದಿಗಳ ಸಿನಗಾಗ್, ಪಾರ್ಸಿಗಳ ಅಗ್ಯಾರಿ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದೆ. ಎಲ್ಲರೂ ಹತ್ತಬೇಕಾದದ್ದು ಧರ್ಮಾದಾಯ ಆಯುಕ್ತರ ಕಚೇರಿಯ ಮೆಟ್ಟಿಲನ್ನೇ. ನಮ್ಮ ಕಡೆ ಅದನ್ನು ಚಾರಿಟಿ ಆಫೀಸು ಅನ್ನುತ್ತಾರೆ.

1. ಕಕ್ಷಿದಾರ ಯಾರು ಎಂಬುದನ್ನು ಮೊದಲ ದಿನವೇ ಬರೆದಿಡಿ.

ವಕಾಲತ್ತಿಗೆ ಸಹಿ ಮಾಡುವವರು ಸ್ವಾಮಿಗಳಿರಬಹುದು, ಪಾಸ್ಟರ್ ಇರಬಹುದು, ಟ್ರಸ್ಟಿನ ಅಧ್ಯಕ್ಷರಿರಬಹುದು. ಆದರೆ ನೀವು ನಿಲ್ಲುವುದು ಸಂಸ್ಥೆಯ ಪರವಾಗಿ. “ವಕೀಲ್ ಸಾಹೇಬ್ರ, ಈ ಹೊಲ ಪೂರ್ವಾಶ್ರಮದ ತಮ್ಮನ ಮಗನ ಹೆಸರಿಗೆ ಮಾಡೂದೈತಿ, ಒಂದು ಮೃತ್ಯುಪತ್ರ ಬರೀರಿ” ಎಂದು ಹಿರಿಯ ಸ್ವಾಮಿಗಳು ಹೇಳಿದಾಗ ಎದ್ದು ಕೈಮುಗಿದು, “ಅಪ್ಪಾರ, ಹೊಲ ತಮ್ಮದಲ್ಲ, ಮಠದ್ದು” ಎನ್ನುವ ಧೈರ್ಯ ಬೇಕು. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ಮಠಾಧಿಪತಿಯ ಸ್ಥಾನವನ್ನು ವಿವರಿಸಿತು. ಅದರಲ್ಲಿ ಅಧಿಕಾರವೂ ಇದೆ, ಆಸ್ತಿಯ ಒಂದಷ್ಟು ಲಕ್ಷಣವೂ ಇದೆ. ಹಾಗೆಂದು ಮಠದ ಆಸ್ತಿ ಅವರ ಸ್ವಂತದ್ದಾಗುವುದಿಲ್ಲ. ಕಾಣಿಕೆ ಹಾಕಿದ ಭಕ್ತೆ, ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುವ ಗಿರಣಿ ಕಾರ್ಮಿಕ, ಇನ್ನೂ ಹುಟ್ಟದ ಮಕ್ಕಳು, ಇವರ್‍ಯಾರೂ ನಿಮ್ಮ ಆಫೀಸಿಗೆ ಬರುವುದಿಲ್ಲ. ಕೆಲಸ ಅವರದು.

2. ಶೆಡ್ಯೂಲ್ ಉತಾರ ಕೈಗೆ ಬರುವವರೆಗೆ ಸಲಹೆ ಕೊಡಬೇಡಿ.

ಚಾರಿಟಿ ಆಫೀಸಿನ ರಜಿಸ್ಟರಿನಲ್ಲಿ ಟ್ರಸ್ಟಿಗಳ ಹೆಸರು, ಆಸ್ತಿ, ಉತ್ತರಾಧಿಕಾರದ ಪದ್ಧತಿ ಎಲ್ಲ ಇರುತ್ತದೆ. ಅದರ ನಕಲೇ ಶೆಡ್ಯೂಲ್ ಉತಾರ. ಅರ್ಧಕ್ಕರ್ಧ ಜಗಳ ಆ ಒಂದು ಉತಾರ ತೆಗೆಸಿದ ಕೂಡಲೇ ಬೇರೆಯದೇ ಬಣ್ಣದಲ್ಲಿ ಕಾಣುತ್ತದೆ. ಉತಾರದಲ್ಲಿ ಟ್ರಸ್ಟಿ ಎಂದಿರುವವರು ತೀರಿಕೊಂಡು ಎಷ್ಟೋ ವರ್ಷಗಳಾಗಿರುತ್ತವೆ, ಈಗ ಕಾರಭಾರ ನೋಡುವವರ ಹೆಸರು ಎಲ್ಲಿಯೂ ಇರುವುದಿಲ್ಲ. ಯಾವುದೇ ಬದಲಾವಣೆಯಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಕೊಡಬೇಕೆಂದು 1950ರ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಟ್ರಸ್ಟಿ ತೀರಿಕೊಂಡರೂ, ಚುನಾವಣೆಯಾದರೂ, ಹೊಲ ಕೊಂಡರೂ ಕೊಡಬೇಕು. ಕೊಡದೆ ಬಿಟ್ಟರೆ ಮುಂದೊಂದು ದಿನ ಎರಡು ಗುಂಪುಗಳು ಎರಡು ಬೇರೆ ಬೇರೆ ರಿಪೋರ್ಟು ತಂದು ನಿಲ್ಲುತ್ತವೆ. ಆಗ ವಿಚಾರಣೆ ನಡೆಯುವುದು ಸದಸ್ಯರ ಪಟ್ಟಿಯ ಮೇಲೆ. ನೋಟಿಸು ಯಾರಿಗೆ ಮುಟ್ಟಿತ್ತು, ಯಾರಿಗೆ ಮತದಾನದ ಹಕ್ಕಿತ್ತು, ಸಭೆಯ ವಹಿ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳಲ್ಲೇ ವರ್ಷಗಳು ಸವೆಯುತ್ತವೆ. ಅದಕ್ಕೇ ಪ್ರತಿ ವರ್ಷ ಸದಸ್ಯರ ಪಟ್ಟಿಗೆ ಸಹಿ ಹಾಕಿಸಿ ಫೈಲಿಗೆ ಸೇರಿಸಿ ಎಂದು ನಾನು ಹಟ ಹಿಡಿಯುತ್ತೇನೆ.

ಇನ್ನೊಂದು ಮಾತು. 1860ರ ಕಾಯ್ದೆಯಡಿ ಸೊಸೈಟಿ ನೋಂದಾಯಿಸಿದರೆ ಮಹಾರಾಷ್ಟ್ರದಲ್ಲಿ ಕೆಲಸ ಮುಗಿಯುವುದಿಲ್ಲ. ಧಾರ್ಮಿಕ ಅಥವಾ ಧರ್ಮಾದಾಯ ಉದ್ದೇಶವಿದ್ದರೆ ಅದೇ ಸಂಸ್ಥೆ ಪಬ್ಲಿಕ್ ಟ್ರಸ್ಟ್ ಆಗಿಯೂ ನೋಂದಣಿಯಾಗಬೇಕು.

3. ಹಳೆಯ ಕಾಗದ ಓದುವವರನ್ನು ಹುಡುಕಿ ಇಟ್ಟುಕೊಳ್ಳಿ.

ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1949ರ ಮಾರ್ಚ್ 1ರಂದು. ಅದಕ್ಕಿಂತ ಹಿಂದಿನ ಸನದು, ಇನಾಮು, ಗಡಿ ನಕಾಶೆ ಬಹುಪಾಲು ಮೋಡಿ ಲಿಪಿಯಲ್ಲಿವೆ. ಮಠಗಳ ಒಳಗಿನ ವಹಿಗಳು ಹಲವು ಕಡೆ ಕನ್ನಡದಲ್ಲಿವೆ. ಇಚಲಕರಂಜಿಯದು ಘೋರ್ಪಡೆಯವರ ಜಹಗೀರಾದ್ದರಿಂದ ಅಲ್ಲಿನ ಕಾಗದಗಳನ್ನು ಜಹಗೀರಿನ ದಫ್ತರದಲ್ಲೂ ಹುಡುಕಬೇಕಾಗುತ್ತದೆ. ಮೋಡಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇದು ನನಗೆ ನಿಜವಾಗಿಯೂ ಚಿಂತೆಯ ಸಂಗತಿ. ಓದುವವರಿಲ್ಲದ ಸನದನ್ನು ಕೋರ್ಟಿನ ಮುಂದಿಟ್ಟು ಏನು ಪ್ರಯೋಜನ?

ಚರ್ಚುಗಳ ಕಾಗದದ ದಾರಿ ಇನ್ನೂ ಸುತ್ತುಬಳಸಿನದು. ರಾಯಲ್ ವೈಲ್ಡರ್ ಎಂಬ ಅಮೆರಿಕನ್ ಮಿಷನರಿ ಕೊಲ್ಹಾಪುರಕ್ಕೆ ಬಂದದ್ದು 1852ರಲ್ಲಿ. ಆತ ಕಟ್ಟಿದ ಮಿಷನ್ ಮುಂದೆ ಅಮೆರಿಕದ ಪ್ರೆಸ್ಬಿಟೇರಿಯನ್ ಮಂಡಳಿಯ ಕೈಗೆ ಹೋಯಿತು. 1924ರಲ್ಲಿ ಯುನೈಟೆಡ್ ಚರ್ಚ್ ಆಫ್ ನಾರ್ದರ್ನ್ ಇಂಡಿಯಾ ಹುಟ್ಟಿತು, 1970ರ ನವೆಂಬರ್ 29ರಂದು ನಾಗಪುರದಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ (ಸಿಎನ್‌ಐ) ಆಯಿತು. ಆರಾಧನೆ ಮಾಡುವ ಸಭೆ ಮಾತ್ರ ಅದೇ, ಗಂಟೆಯೂ ಅದೇ. ಆದರೆ ಜಾಗದ ಪ್ರಾಪರ್ಟಿ ಕಾರ್ಡಿನ ಮೇಲೆ ಯಾವ ಕಾಲದ ಯಾವ ಹೆಸರು ನಿಂತಿದೆ ಎಂಬುದನ್ನು ನೋಡದೆ ಹೇಳಲಾಗದು.

“ವಿಲೀನದ ಠರಾವು ಆಗೇದಲ್ಲ, ಆಸ್ತಿನೂ ಬಂದಂಗ” ಎಂದು ಹೇಳುವವರಿಗೆ 2013ರ ಒಂದು ತೀರ್ಪನ್ನು ಓದಿ ತೋರಿಸುತ್ತೇನೆ. ಗುಜರಾತಿನ ಬ್ರೆದ್ರೆನ್ ಚರ್ಚು ಸಿಎನ್‌ಐಯಲ್ಲಿ ಸೇರಿಹೋಯಿತು ಎಂಬ ವಾದವನ್ನು ವಿನೋದಕುಮಾರ್ ಮಾಲವಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬರೀ ಠರಾವಿನಿಂದ ಟ್ರಸ್ಟಿನ ಆಸ್ತಿ ಕೈ ಬದಲಿಸುವುದಿಲ್ಲ, ಸೊಸೈಟಿ ಕಾಯ್ದೆ ಮತ್ತು ಟ್ರಸ್ಟ್ ಕಾಯ್ದೆ ಹೇಳಿದ ದಾರಿಯಲ್ಲೇ ಹೋಗಬೇಕು ಎಂದಿತು. ಆ ಟ್ರಸ್ಟ್ ಕಾಯ್ದೆ ನಮ್ಮದೇ 1950ರ ಮುಂಬಯಿ ಕಾಯ್ದೆ. ಹಾಗಾಗಿ ಆ ತೀರ್ಪು ಗುಜರಾತಿನದಾದರೂ ನಮ್ಮ ಊರಿನ ಪ್ರತಿಯೊಂದು ಮಿಷನ್ ಕಾಂಪೌಂಡಿಗೂ ಸಂಬಂಧಪಟ್ಟದ್ದು.

4. ಜಮೀನಿನ ವಿಷಯದಲ್ಲಿ ಅವಸರಕ್ಕೆ ಒಪ್ಪಬೇಡಿ.

ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವುದು ಇಲ್ಲಿಯೇ. ಟ್ರಸ್ಟಿನ ಸ್ಥಿರಾಸ್ತಿಯನ್ನು ಮಾರಲು, ಅದಲುಬದಲು ಮಾಡಲು, ದಾನ ಕೊಡಲು 36ನೇ ಕಲಮಿನಡಿ ಆಯುಕ್ತರ ಮುಂಚಿತ ಮಂಜೂರಿ ಬೇಕು. ಬಾಡಿಗೆಯಾದರೆ ಹೊಲಕ್ಕೆ 10 ವರ್ಷ, ಕಟ್ಟಡ ಮತ್ತು ಬಿನ್‌ಶೇತಿ, ಅಂದರೆ ಕೃಷಿಯೇತರ, ಜಾಗಕ್ಕೆ 3 ವರ್ಷ ದಾಟುವಂತಿಲ್ಲ, ದಾಟುವುದಿದ್ದರೆ ಮಂಜೂರಿ ಬೇಕು. ಪೇಟೆಯ ಮಧ್ಯದ ಮಠದ ಮುಂದೆ ಮಳಿಗೆ ಕಟ್ಟಿ, ಸ್ಟ್ಯಾಂಪ್ ಪೇಪರಿನ ಮೇಲೆ 29 ವರ್ಷಕ್ಕೆ ಬರೆದುಕೊಟ್ಟ ಕರಾರುಗಳು ನನ್ನ ಮೇಜಿಗೆ ಬಂದಿವೆ. ಬರೆದುಕೊಟ್ಟವರು ಕೆಟ್ಟವರಲ್ಲ, ಕಟ್ಟಡಕ್ಕೆ ದುಡ್ಡು ಬೇಕಿತ್ತು. ಆದರೂ ಆ ಕರಾರು ನಿಲ್ಲುವುದಿಲ್ಲ.

ಮಂಜೂರಿ ಕೇಳುವಾಗ ಮಾನ್ಯತೆ ಪಡೆದವರಿಂದ ಮೌಲ್ಯಮಾಪನ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಬಂದ ದರಗಳನ್ನೆಲ್ಲ ಆಯುಕ್ತರ ಮುಂದಿಡಿ. ಶೈಲೇಶ್ ಡೆವಲಪರ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ 2007ರಲ್ಲಿ ಸ್ಪಷ್ಟವಾಗಿ ಹೇಳಿದೆ. ಟ್ರಸ್ಟಿಗಳು ತಂದ ಗಿರಾಕಿಗೆ ಹೂಂ ಅಥವಾ ಊಹೂಂ ಅನ್ನುವುದಷ್ಟೇ ಆಯುಕ್ತರ ಕೆಲಸವಲ್ಲ. ಟ್ರಸ್ಟಿಗೆ ಹೆಚ್ಚು ಲಾಭದ ದರ ಬೇರೆಯವರಿಂದ ಬಂದರೆ ಅದನ್ನೂ ಅವರು ನೋಡಬಹುದು. ಗಿರಾಕಿಯನ್ನು ಮೊದಲೇ ಗೊತ್ತುಮಾಡಿಕೊಂಡು ಬಂದವರಿಗೆ ಈ ಮಾತು ರುಚಿಸುವುದಿಲ್ಲ. ರುಚಿಸದಿದ್ದರೂ ಹೇಳಿ.

ಹೊಲ ಇದ್ದಲ್ಲಿ ಕುಳ, ಅಂದರೆ ಗೇಣಿದಾರ, ಇದ್ದೇ ಇರುತ್ತಾನೆ. ಟ್ರಸ್ಟ್ ನೋಂದಣಿಯಾಗಿದ್ದು, ಹೊಲದ ಉತ್ಪನ್ನವೆಲ್ಲ ಟ್ರಸ್ಟಿನ ಕೆಲಸಕ್ಕೇ ಹೋಗುತ್ತಿದ್ದರೆ ಗೇಣಿ ಕಾಯ್ದೆಯ 88ಬಿ ಕಲಮಿನ ವಿನಾಯಿತಿ ಪ್ರಮಾಣಪತ್ರ ಸಿಗುತ್ತದೆ. ಅದು ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಕುಳ ಮಾಲೀಕನಾಗುವನೋ ಇಲ್ಲವೋ ಎಂಬುದು ನಿಂತಿದೆ. ಸಾತ್‌ಬಾರಾ, ಅಂದರೆ ಪಹಣಿ, ನೋಡುವಾಗ ಇತರ ಹಕ್ಕುಗಳ ಕಾಲಂ ಬಿಡಬೇಡಿ. ‘ದೇವಸ್ಥಾನ ಇನಾಮು ವರ್ಗ 3’ ಎಂಬ ಷರಾ ಅಳಿಸಿಹೋಗಿದ್ದರೆ ಯಾವ ಫೇರಫಾರ (ಖಾತೆ ಬದಲಾವಣೆ) ನಂಬರಿನಲ್ಲಿ, ಯಾರ ಅರ್ಜಿಯ ಮೇಲೆ ಅಳಿಸಿತು ಎಂದು ಹಿಂದಕ್ಕೆ ಹುಡುಕುತ್ತ ಹೋಗಿ. ಇನ್ನೊಂದು ಪಕ್ಷವೂ ಇದೆ, ಅದನ್ನು ಮರೆಯಬಾರದು: ತಲೆಮಾರುಗಳಿಂದ ಅದೇ ಮಣ್ಣಿನಲ್ಲಿ ದುಡಿದ ಕುಳದ ಕುಟುಂಬ. ಅವರನ್ನು ಕೋರ್ಟಿಗೆಳೆಯುವ ಮೊದಲು ಮಠದ ಕಟ್ಟೆಯ ಮೇಲೆ ಕೂರಿಸಿ ಮಾತಾಡಿಸಿದ್ದು ಎಷ್ಟೋ ಸಲ ಕೆಲಸಕ್ಕೆ ಬಂದಿದೆ.

5. ಟ್ರಸ್ಟಿನ ಹಣ ಪತಸಂಸ್ಥೆಯಲ್ಲಿ ಇರಕೂಡದು.

ನಮ್ಮ ಜಿಲ್ಲೆಯಲ್ಲಿ ಗಲ್ಲಿಗೊಂದು ಪತಸಂಸ್ಥೆ, ಅಂದರೆ ಪತ್ತಿನ ಸಹಕಾರಿ ಸಂಘ. ಬಡ್ಡಿ ಹೆಚ್ಚು, ಚೇರಮನ್ನರು ನಮ್ಮವರೇ. ಆದರೆ 1950ರ ಕಾಯ್ದೆಯ 35ನೇ ಕಲಂ ಹೇಳುವುದು ಶೆಡ್ಯೂಲ್ಡ್ ಬ್ಯಾಂಕು, ಪೋಸ್ಟಾಫೀಸು, ಸರಕಾರ ಒಪ್ಪಿದ ಸಹಕಾರಿ ಬ್ಯಾಂಕು, ಸರಕಾರಿ ಸಾಲಪತ್ರ. ಪತಸಂಸ್ಥೆ ಆ ಪಟ್ಟಿಯಲ್ಲಿಲ್ಲ.

6. ದೇಣಿಗೆ ಎಲ್ಲಿಂದ ಬಂತು ಎಂದು ಕೇಳಲು ಸಂಕೋಚ ಬೇಡ.

ಪೂರ್ತಿ ಧಾರ್ಮಿಕ ಟ್ರಸ್ಟಿಗೆ 80ಜಿ ಎಂದು ಕರೆಯುವ, ದಾನಿಗಳ ತೆರಿಗೆ ರಿಯಾಯಿತಿಯ ಮಾನ್ಯತೆ ಸಿಗುವುದಿಲ್ಲ. ದಾನಿಗಳಿಗೆ ಅದರ ಆಸೆ ಹುಟ್ಟಿಸಬೇಡಿ ಎಂದು ಟ್ರಸ್ಟಿಗಳಿಗೆ ಹೇಳಿ. ಐತಿಹಾಸಿಕ ಮಹತ್ವದ್ದೆಂದು ಸರಕಾರ ಅಧಿಸೂಚನೆ ಹೊರಡಿಸಿದ ಗುಡಿ, ಮಸೀದಿ, ಚರ್ಚುಗಳ ಜೀರ್ಣೋದ್ಧಾರದ ಮಾತು ಬೇರೆ.

ಹೆಚ್ಚಿನ ಗೊಂದಲ ಹೊರದೇಶದ ಹಣದ್ದು. ಅಮೆರಿಕದಲ್ಲಿ ನೆಲೆಸಿದ ಮಗಳು ಜಾತ್ರೆಗೆ ಬಂದು ಕಾಣಿಕೆ ಹಾಕುತ್ತಾಳೆ. ಅವಳ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿಯಾಗಲಿ ಮುಂಚಿತ ಅನುಮತಿಯಾಗಲಿ ಇಲ್ಲದ ಸಂಸ್ಥೆ ಅದನ್ನು ತೆಗೆದುಕೊಳ್ಳುವಂತಿಲ್ಲ. ನೋಂದಣಿ ಇರುವ ಚರ್ಚುಗಳಿಗೂ 2020ರ ತಿದ್ದುಪಡಿಯ ಮೇಲೆ ದಾರಿ ಕಿರಿದಾಗಿದೆ. ಹಣ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತದ ಖರ್ಚು ಶೇ. 20 ದಾಟಬಾರದು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಹಳ್ಳಿಯ ಸಣ್ಣ ಸಭೆಗಳಿಗೆ ಪಟ್ಟಣದ ದೊಡ್ಡ ಸಂಸ್ಥೆಯಿಂದ ಹೋಗುತ್ತಿದ್ದ ನೆರವು ಹೀಗೇ ನಿಂತಿತು.

7. ತತ್ವದ ಜಗಳವನ್ನು ಕೋರ್ಟಿಗೆ ಒಯ್ಯಬೇಡಿ, ಹಕ್ಕಿನ ಜಗಳವನ್ನು ಪ್ರವಚನದಲ್ಲಿ ಬಿಡಿಸಬೇಡಿ.

ಪೂಜೆಯ ಕ್ರಮ ಯಾವುದು ಸರಿ ಎಂಬುದಷ್ಟೇ ಪ್ರಶ್ನೆಯಾದರೆ ಸಿವಿಲ್ ಕೋರ್ಟು ಕೈ ಹಾಕುವುದಿಲ್ಲ. ಆಸ್ತಿ ಅಥವಾ ಸ್ಥಾನದ ಹಕ್ಕಿನ ಪ್ರಶ್ನೆಯಾದರೆ, ಅದು ಪೂರ್ತಿ ಧಾರ್ಮಿಕ ವಿಧಿಯ ತೀರ್ಮಾನದ ಮೇಲೆ ನಿಂತಿದ್ದರೂ, ವಿಚಾರಣೆ ಮಾಡುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಂ ಇದನ್ನೇ ಹೇಳುತ್ತದೆ. ಕೇರಳದ ಮಲಂಕರ ಚರ್ಚಿನ ಜಗಳದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದು, ಆ ಸಭೆ 1934ರಲ್ಲಿ ತಾನೇ ಬರೆದುಕೊಂಡ ಘಟನೆಯನ್ನು, ಅಂದರೆ ಸಂವಿಧಾನವನ್ನು, ಮುಖ್ಯವಾಗಿ ಪರಿಗಣಿಸಿತು. ನಿಮ್ಮ ಸಂಸ್ಥೆಯ ಘಟನೆಯನ್ನು ಇಂದೇ ತೆಗೆದು ಓದಿ. ಉತ್ತರಾಧಿಕಾರಿಯನ್ನು ಯಾರು ಆರಿಸಬೇಕು ಎಂಬ ಕಲಂ ಖಾಲಿಯಿದ್ದರೆ, ಹಿರಿಯ ಸ್ವಾಮಿಗಳು ಆರೋಗ್ಯವಾಗಿರುವಾಗಲೇ ತುಂಬಿಸಿ.

8. ಬೋರ್ಡಿಂಗಿನ ಮಕ್ಕಳ ವಿಷಯದಲ್ಲಿ ಸಂಸ್ಥೆಯ ಮರ್ಯಾದೆ ಎಂಬ ಮಾತೇ ಬರಕೂಡದು.

ಕೊಲ್ಹಾಪುರ ಬೋರ್ಡಿಂಗುಗಳ ಊರು. ಶಾಹೂ ಮಹಾರಾಜರು 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗಿನಿಂದ ಮೊದಲುಮಾಡಿ ಜೈನರು, ಲಿಂಗಾಯತರು, ಮುಸ್ಲಿಮರು, ದಲಿತರು ಎಲ್ಲರ ಮಕ್ಕಳಿಗೂ ವಸತಿ ಕಲ್ಪಿಸಲು ನೆರವಾದರು. ಹಳ್ಳಿಯ ಮಕ್ಕಳು ಓದಿದ್ದು ಈ ಗೋಡೆಗಳ ಒಳಗೇ. ಅದಕ್ಕೇ ಇಲ್ಲಿ ಮಗುವಿನ ಮೇಲೆ ದೌರ್ಜನ್ಯವಾಯಿತು ಎಂಬ ಮಾತು ಕಿವಿಗೆ ಬಿದ್ದರೆ ಹಿರಿಯರು ಮೊದಲು ಹೇಳುವುದು, “ಹೊರಗ ಗೊತ್ತಾದ್ರ ಸಂಸ್ಥೆ ಹೆಸರು ಹೋಗ್ತದ, ಒಳಗ ಮುಗಸೋಣ” ಎಂದು.

ಒಳಗೆ ಮುಗಿಸುವ ಅವಕಾಶ ಕಾನೂನಿನಲ್ಲಿ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಪಾಪನಿವೇದನೆಯಲ್ಲಿ ಕೇಳಿದ್ದು, ಗುರುವಿನ ಮುಂದೆ ಹೇಳಿದ್ದು ಗುಟ್ಟು ಎಂಬ ರಕ್ಷಣೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿಲ್ಲ. ವಕೀಲನಿಗೆ ಕಕ್ಷಿದಾರ ಹೇಳಿದ್ದಕ್ಕೆ ಇದೆ, ಧರ್ಮಗುರುವಿಗೆ ಹೇಳಿದ್ದಕ್ಕೆ ಇಲ್ಲ. ಹೀಗೆ ಕೇಳಲು ಬಂದವರಿಗೆ ನಾನು ಹೇಳುವುದು ಒಂದೇ. ಮೊದಲು ಠಾಣೆಗೆ ಹೋಗೋಣ, ನಾನೂ ಬರುತ್ತೇನೆ, ಟ್ರಸ್ಟಿಗಳ ಸಭೆ ಆಮೇಲೆ ಕರೆಯಿರಿ. ಒಪ್ಪದ ಸಂಸ್ಥೆಯ ಕೆಲಸವನ್ನು ನಾನು ಮುಂದುವರಿಸುವುದಿಲ್ಲ.

9. ಜನರ ಪ್ರೀತಿ ದಾಖಲೆಯ ಜಾಗ ತುಂಬುವುದಿಲ್ಲ.

ಇಚಲಕರಂಜಿಯ ಹತ್ತಿರದ ನಾಂದಣಿ ಜೈನ ಮಠದ ಆನೆ ಮಹಾದೇವಿ, ಜನರ ಬಾಯಲ್ಲಿ ಮಾಧುರಿ, ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲಿದ್ದಳು. 2025ರ ಜುಲೈ 16ರಂದು ಬಾಂಬೆ ಹೈಕೋರ್ಟ್ ಅವಳನ್ನು ಜಾಮನಗರದ ಆನೆಧಾಮಕ್ಕೆ ಕಳಿಸುವ ಆದೇಶವನ್ನು ಎತ್ತಿಹಿಡಿಯಿತು. ತಿಂಗಳು ಮುಗಿಯುವುದರೊಳಗೆ ಸುಪ್ರೀಂ ಕೋರ್ಟೂ ಮಠದ ಮನವಿಯನ್ನು ತಳ್ಳಿಹಾಕಿತು. ಸಾವಿರಾರು ಜನ ನಾಂದಣಿಯಿಂದ ಕೊಲ್ಹಾಪುರದವರೆಗೆ ನಡೆದರು. ಆ ಕಣ್ಣೀರು ನಿಜವಾದದ್ದು, ನಾನು ಅದನ್ನು ಕಡಿಮೆ ಎನ್ನಲಾರೆ. ಆದರೆ ಕೋರ್ಟಿನ ಮುಂದಿದ್ದದ್ದು ಆನೆಯ ಕಾಲಿನ, ಉಗುರಿನ, ಇರುವ ಜಾಗದ ವರದಿಗಳು. ಧಾರ್ಮಿಕ ಬಳಕೆಯ ಹಕ್ಕಿಗಿಂತ ಪ್ರಾಣಿಯ ಯೋಗಕ್ಷೇಮವೇ ಮೇಲೆಂದು ಅದು ತೂಗಿತು. ಮೂಕಪ್ರಾಣಿ ಸಾಕಿದ ಸಂಸ್ಥೆ ಪಶುವೈದ್ಯರ ವಹಿ, ಅರಣ್ಯ ಇಲಾಖೆಯ ಪ್ರಮಾಣಪತ್ರ, ಸಾಗಣೆಯ ಪರವಾನಗಿಗಳನ್ನು ವರ್ಷವರ್ಷವೂ ಸರಿಪಡಿಸಿಕೊಳ್ಳಲಿ. ತಕರಾರು ಬಂದ ಮೇಲೆ ಮಾಡಿಸಿದ ತಪಾಸಣೆಗೆ ತೂಕ ಕಡಿಮೆ.

10. ಟ್ರಸ್ಟಿಯಾಗಿ ಎಂದು ಕರೆದರೆ ನಯವಾಗಿ ಬೇಡ ಎನ್ನಿ.

ಕಾರ್ಯಕಾರಿ ಮಂಡಳಿಯ ಸದಸ್ಯನಾದ ವಕೀಲ ಆ ಸಂಸ್ಥೆಯ ಪರವಾಗಿಯೂ ವಿರುದ್ಧವಾಗಿಯೂ ಕೋರ್ಟಿನಲ್ಲಿ ನಿಲ್ಲುವಂತಿಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಫೀ ಮಾತು ಕೂಡ ಮೊದಲೇ ಆಗಲಿ. ಸೇವೆಯೆಂದು ಮಾಡುವುದಾದರೆ ಪೂರ್ತಿ ಸೇವೆಯೆಂದೇ ಮಾಡಿ, ಇಲ್ಲವೇ ಠರಾವಿನಲ್ಲಿ ಮೊತ್ತ ಬರೆಸಿ ರಸೀದಿ ಕೊಡಿ. ಎರಡರ ನಡುವಿನ ದಾರಿಯಿಂದ ಮನಸ್ತಾಪ ಬೆಳೆಯುತ್ತದೆ.

11. ಗಡಿಯಾಚೆಗಿನ ಹೊಲಕ್ಕೆ ಗಡಿಯಾಚೆಯ ಕಾನೂನು.

ಗಡಹಿಂಗ್ಲಜ ತಾಲೂಕಿನ ಮಠಕ್ಕೆ ಹುಕ್ಕೇರಿ ತಾಲೂಕಿನಲ್ಲಿ ಹೊಲ ಇರುವುದು ಹೊಸದಲ್ಲ. ನಮ್ಮ 1950ರ ಕಾಯ್ದೆ ಒಂದು ಕಾಲಕ್ಕೆ ಬೆಳಗಾವಿ, ಧಾರವಾಡ ಭಾಗದಲ್ಲೂ ನಡೆಯುತ್ತಿತ್ತು. ಕರ್ನಾಟಕದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂದ ಮೇಲೆ ಅದು ಅಲ್ಲಿ ಹೋಯಿತು. ಇಲ್ಲಿ ಸಾತ್‌ಬಾರಾ, ಅಲ್ಲಿ ಪಹಣಿ. ಸಂಕೇಶ್ವರದಲ್ಲೋ ಹುಕ್ಕೇರಿಯಲ್ಲೋ ನಂಬಿಕೆಯ ವಕೀಲರೊಬ್ಬರು ನಿಮ್ಮ ಜೊತೆಗಿರಲಿ.

ಹೈಕೋರ್ಟಿನ ಕೆಲಸ ಮಾತ್ರ ಹಗುರಾಗಿದೆ. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲೇ ಬಾಂಬೆ ಹೈಕೋರ್ಟಿನ ಸರ್ಕಿಟ್ ಬೆಂಚು ಕೂರುತ್ತಿದೆ. ಮುಂಬಯಿಗೆ ಹೋಗುವ ಖರ್ಚಿಗೆ ಹೆದರಿ ಮೇಲ್ಮನವಿ ಬಿಡುತ್ತಿದ್ದ ಸಣ್ಣ ಸಂಸ್ಥೆಗಳು ಈಗ ಬೆಳಿಗ್ಗೆ ಎಸ್‌ಟಿ ಬಸ್ಸು ಹತ್ತಿ ಸಂಜೆಗೆ ಊರಿಗೆ ಮರಳಬಹುದು. ಹಳೆಯ ಫೈಲುಗಳನ್ನು ಕಟ್ಟಿಟ್ಟವರು ಬಿಚ್ಚಿ ನೋಡಲಿ. ನಿಮ್ಮ ಹತ್ತಿರ ಉಳಿದಿರುವ ಮೂಲ ಕಾಗದಗಳನ್ನು ಪಟ್ಟಿ ಮಾಡಿ, ಎರಡು ಪ್ರತಿಗೂ ಟ್ರಸ್ಟಿಗಳ ಸಹಿ ಪಡೆದು, ಸಂಸ್ಥೆಯ ಕಪಾಟಿಗೇ ಹಿಂತಿರುಗಿಸಿ.