ಹಳೆಯ ಷೆವರ್ಲೆ ಕಾರಿನ ಎಂಜಿನ್ ಗುರುತಿಸುವ ಕ್ರಮ

ಐವತ್ತು ಅರವತ್ತು ವರ್ಷಗಳಷ್ಟು ಹಳೆಯದಾದ ಅಮೆರಿಕನ್ ಕಾರೊಂದು ಕೈಸೇರಿದಾಗ, ಅದರ ಬಾನೆಟ್ಟಿನಡಿ ಇರುವುದು ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನೇ ಎಂದು ನಂಬಿ ಪಿಸ್ಟನ್ನು, ಬೇರಿಂಗುಗಳನ್ನು ತರಿಸಿಕೊಳ್ಳುವುದು ಅಪಾಯದ ಕೆಲಸ. ಷೆವರ್ಲೆಯ ‘ಸ್ಮಾಲ್ ಬ್ಲಾಕ್’ ವಿ-8, ಅಂದರೆ ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲುಗಳು ‘ವಿ’ ಆಕಾರದಲ್ಲಿ ಕೂಡುವ ಎಂಜಿನ್, ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ. 1955ರಲ್ಲಿ 265 ಘನ ಇಂಚಿನ ಗಾತ್ರದೊಂದಿಗೆ ಬಂದ ಈ ಎಂಜಿನ್ 1957ರಲ್ಲಿ 283, 1962ರಲ್ಲಿ 327, 1967ರಲ್ಲಿ 350 ಘನ ಇಂಚಿಗೆ ಬೆಳೆಯಿತಾದರೂ ಅದರ ಹೊರ ಅಳತೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಹೀಗಾಗಿ ಒಂದನ್ನು ಇಳಿಸಿ ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ಅಮೆರಿಕದ ಗ್ಯಾರೇಜುಗಳಲ್ಲಿ ದಿನನಿತ್ಯದ ಕೆಲಸವಾಯಿತು. ಒಂದು ಘನ ಇಂಚೆಂದರೆ ಸುಮಾರು 16.39 ಘನ ಸೆಂಟಿಮೀಟರ್; 350 ಎಂಬುದು ಇಂದಿನ ಲೆಕ್ಕದಲ್ಲಿ 5.7 ಲೀಟರ್.

ಏರ್ ಕ್ಲೀನರ್ ಮೇಲಿನ ಚೀಟಿ, ಮಡ್‌ಗಾರ್ಡಿನ ಮೇಲಿನ ಲಾಂಛನ, ಎಂಜಿನ್ನಿಗೆ ಬಳಿದ ಕಿತ್ತಳೆ ಬಣ್ಣ ಇವು ಯಾವುವೂ ಸಾಕ್ಷಿಯಲ್ಲ, ಏಕೆಂದರೆ ಇವೆಲ್ಲ ಅಂಗಡಿಯಲ್ಲಿ ದೊರೆಯುತ್ತವೆ. ‘350’ ಎಂಬ ಅಂಕಿಯೂ ತಾನೊಂದೇ ಏನನ್ನೂ ಹೇಳುವುದಿಲ್ಲ. ಜನರಲ್ ಮೋಟಾರ್ಸ್ ಒಡೆತನದ ಷೆವರ್ಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್ ಮತ್ತು ಬ್ಯುಯಿಕ್ ವಿಭಾಗಗಳು ತಮ್ಮ ತಮ್ಮದೇ ವಿನ್ಯಾಸದ ನಾಲ್ಕು ಬೇರೆ ಬೇರೆ 350 ಎಂಜಿನ್ನುಗಳನ್ನು ತಯಾರಿಸಿದ್ದವು, ಮತ್ತು ಒಂದರ ಬಿಡಿಭಾಗ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ.

ಆದ್ದರಿಂದ ಮೊದಲು ಕುಲವನ್ನು ಗೊತ್ತುಪಡಿಸಿಕೊಳ್ಳಬೇಕು. ಷೆವರ್ಲೆ ಸ್ಮಾಲ್ ಬ್ಲಾಕಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ತನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಭಾಗದಲ್ಲಿರುತ್ತದೆ, ಆದರೆ ಫೋರ್ಡ್ ಕಂಪನಿಯ ಅದೇ ಕಾಲದ ಸಣ್ಣ ವಿ-8ಗಳಲ್ಲಿ ಅದು ಮುಂಭಾಗದಲ್ಲಿರುತ್ತದೆ. ಹಾಗೆಯೇ 1980ರ ದಶಕದ ನಡುವಿನವರೆಗಿನ ಸ್ಮಾಲ್ ಬ್ಲಾಕಿನ ಪ್ರತಿಯೊಂದು ಟ್ಯಾಪೆಟ್ ಕವರಿಗೆ ಅಂಚಿನಲ್ಲಿ ನಾಲ್ಕು ಬೋಲ್ಟುಗಳಿದ್ದರೆ, ಅದೇ ಕಂಪನಿಯ ‘ಬಿಗ್ ಬ್ಲಾಕ್’ ಎಂಜಿನ್ನಿಗೆ ಏಳಿರುತ್ತವೆ. ಪಾಂಟಿಯಾಕ್ ಎಂಜಿನ್ನಿನಲ್ಲೂ ನಾಲ್ಕೇ ಬೋಲ್ಟುಗಳಿದ್ದು ಡಿಸ್ಟ್ರಿಬ್ಯೂಟರ್ ಹಿಂದೆಯೇ ಇರುವುದರಿಂದ ಆಯಿಲ್ ಫಿಲ್ಟರನ್ನೂ ನೋಡಬೇಕಾಗುತ್ತದೆ: ಷೆವರ್ಲೆಯಲ್ಲಿ ಅದು ಎಡಭಾಗದಲ್ಲಿ, ಪಾಂಟಿಯಾಕಿನಲ್ಲಿ ಬಲಭಾಗದಲ್ಲಿರುತ್ತದೆ. ಎಡ, ಬಲ ಎಂದರೆ ಸೀಟಿನಲ್ಲಿ ಮುಂದಕ್ಕೆ ಮುಖಮಾಡಿ ಕುಳಿತವರ ಎಡ, ಬಲ. ಅಮೆರಿಕದ ಕಾರುಗಳಲ್ಲಿ ಎಡಗಡೆ ಚಾಲಕನದು.

ಅನಂತರ ಕಾರಿನ ಗುರುತು ಸಂಖ್ಯೆಯನ್ನು ಓದಬೇಕು. 1968ರಿಂದ ಈಚಿನ ಷೆವರ್ಲೆಗಳಲ್ಲಿ ಇದು ಡ್ಯಾಶ್‌ಬೋರ್ಡಿನ ಎಡ ಅಂಚಿನಲ್ಲಿ, ಮುಂದಿನ ಗಾಜಿನ ಮೂಲಕ ಕಾಣುವಂತೆ ಇರುತ್ತದೆ. 1965ರಿಂದ 1971ರವರೆಗಿನ ಸಂಖ್ಯೆಗಳಲ್ಲಿ ಮೂರನೆಯ ಅಂಕಿ ಸಮವಾಗಿದ್ದರೆ ಕಾರು ಹುಟ್ಟಿದ್ದು ವಿ-8ರೊಂದಿಗೆ ಎಂದು ತಿಳಿಯುತ್ತದೆ. ‘12437’ ಎಂದು ಆರಂಭವಾಗುವ, ಷೆವರ್ಲೆಯ ಕಮಾರೊ ಮಾದರಿಯ ಕಾರು ಇದಕ್ಕೆ ಉದಾಹರಣೆ. ಆದರೆ ಅದು ಯಾವ ವಿ-8 ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. 1972ರಿಂದ ಐದನೆಯ ಅಕ್ಷರವೂ, ಹದಿನೇಳು ಅಕ್ಷರಗಳ ಪದ್ಧತಿ ಬಂದ 1981ರಿಂದ ಎಂಟನೆಯ ಅಕ್ಷರವೂ ಎಂಜಿನ್ನನ್ನು ಸೂಚಿಸುತ್ತವೆ. ಭಾರತದಲ್ಲಿ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಜೋಡಣೆಯಾದ ಷೆವರ್ಲೆಗಳಲ್ಲಿ ಈ ವಿ-8 ಕಂಡರೆ, ಅದು ಆಮೇಲೆ ಕೂರಿಸಿದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಾರು ಏನನ್ನು ಹೊತ್ತು ಹುಟ್ಟಿತೆಂಬುದು ತಿಳಿದ ಮೇಲೆ, ಈಗ ಏನನ್ನು ಹೊತ್ತಿದೆ ಎಂಬುದನ್ನು ಎಂಜಿನ್ನಿನ ಮೈಮೇಲೆಯೇ ಓದಬೇಕು. ಎಂಜಿನ್ ಗಿಯರ್‌ಬಾಕ್ಸಿಗೆ ಸೇರುವ ಹಿಂಬದಿಯ ಅಂಚಿನ ಮೇಲ್ಭಾಗದಲ್ಲಿ, ಎಡ ಸಾಲಿನ ಸಿಲಿಂಡರುಗಳನ್ನು ಮುಚ್ಚುವ ಹೆಡ್ಡಿನ ಹಿಂದೆ, ಎರಕದ ಸಂಖ್ಯೆ ಇರುತ್ತದೆ. ಬ್ಲಾಕನ್ನು ಎರಕ ಹೊಯ್ಯುವಾಗ ಅಚ್ಚಿನಿಂದಲೇ ಮೂಡಿದ ಈ ಅಂಕಿಗಳು ಉಬ್ಬಿರುವುದರಿಂದ, ಸೀಮೆಎಣ್ಣೆಯಿಂದ ಜಿಡ್ಡು ತೊಳೆದು ಸೀಮೆಸುಣ್ಣ ಉಜ್ಜಿದರೆ ಸ್ಪಷ್ಟವಾಗಿ ಕಾಣುತ್ತವೆ. ಕೈ ತೂರದ ಜಾಗವಾದರೆ ಮೊಬೈಲಿನಿಂದ ಚಿತ್ರ ತೆಗೆಯಬಹುದು. ಅದೇ ಅಂಚಿನಲ್ಲಿ ಎರಕದ ದಿನಾಂಕವೂ ಇರುತ್ತದೆ: ಜನವರಿಗೆ ‘ಎ’ ಎಂದು ಆರಂಭಿಸಿ ಡಿಸೆಂಬರಿಗೆ ‘ಎಲ್’ ಎಂದು ಮುಗಿಯುವ ಅಕ್ಷರ, ಬಳಿಕ ದಿನ, ಕೊನೆಗೆ ವರ್ಷದ ಒಂದೇ ಅಂಕಿ. ‘ಸಿ 12 9’ ಎಂದರೆ ಮಾರ್ಚ್ 12. ವರ್ಷ 1959, 1969, 1979 ಈ ಮೂರರಲ್ಲಿ ಯಾವುದೆಂಬುದನ್ನು ಎರಕದ ಸಂಖ್ಯೆ ಬಳಕೆಯಲ್ಲಿದ್ದ ಅವಧಿಯಿಂದ ನಿರ್ಧರಿಸಬೇಕು. ಎರಕದ ಸಂಖ್ಯೆಯೂ ಕೊನೆಯ ಮಾತಲ್ಲ. ಬಹಳ ಹೆಸರಾದ 3970010 ಎಂಬ ಬ್ಲಾಕನ್ನು 350ಕ್ಕಷ್ಟೇ ಅಲ್ಲದೆ 302 ಘನ ಇಂಚಿನ ಎಂಜಿನ್ನಿಗೂ ಬಳಸಲಾಗಿತ್ತು.

ಈ ತೊಡಕನ್ನು ಬಿಡಿಸುವುದು ಬ್ಲಾಕಿನ ಮುಂಭಾಗದಲ್ಲಿ, ಬಲ ಹೆಡ್ಡಿನ ಮುಂದೆ ಚಾಚಿರುವ ಚಿಕ್ಕ ಸಮತಟ್ಟು ಜಾಗ. ಇಲ್ಲಿರುವುದು ಎರಕದಲ್ಲಿ ಮೂಡಿದ್ದಲ್ಲ, ಎಂಜಿನ್ ಜೋಡಿಸಿದ ಕಾರ್ಖಾನೆಯಲ್ಲಿ ಉಕ್ಕಿನ ಅಚ್ಚಿನಿಂದ ಹೊಡೆದ ಕುಳಿ ಅಕ್ಷರಗಳು. ಆದ್ದರಿಂದ ಇವನ್ನು ತಂತಿ ಬ್ರಷ್ಷಿನಿಂದಾಗಲಿ ಮರಳು ಕಾಗದದಿಂದಾಗಲಿ ಉಜ್ಜಕೂಡದು, ಬಟ್ಟೆ ಮತ್ತು ಪ್ಲಾಸ್ಟಿಕ್ ಬ್ರಷ್ ಸಾಕು. ಒಮ್ಮೆ ಸವೆದ ಅಕ್ಷರ ಮರಳಿ ಬಾರದು, ಕಾರಿನ ಚರಿತ್ರೆಯ ಮುಖ್ಯ ದಾಖಲೆಯೊಂದು ಅದರೊಂದಿಗೆ ಹೋಗುತ್ತದೆ. 1969ರ ಕಮಾರೊ ಒಂದರಲ್ಲಿ ‘ವಿ0912ಡಿಝಡ್’ ಎಂದಿದ್ದರೆ ‘ವಿ’ ಎಂಬುದು ಮಿಷಿಗನ್ ರಾಜ್ಯದ ಫ್ಲಿಂಟ್ ಕಾರ್ಖಾನೆಯನ್ನು, 0912 ಸೆಪ್ಟೆಂಬರ್ 12ನ್ನು, ‘ಡಿಝಡ್’ ಎಂಬುದು ಝಡ್/28 ಮಾದರಿಯ 302 ಎಂಜಿನ್ನನ್ನು ಸೂಚಿಸುತ್ತವೆ. ನ್ಯೂಯಾರ್ಕ್ ರಾಜ್ಯದ ಟೊನವಾಂಡ ಕಾರ್ಖಾನೆಯದಾದರೆ ಮೊದಲ ಅಕ್ಷರ ‘ಟಿ’ ಇರುತ್ತದೆ. ಕೊನೆಯ ಸಂಕೇತ 1969ರವರೆಗೆ ಒಂದು ಅಥವಾ ಎರಡು ಅಕ್ಷರ, 1970ರಿಂದ ಮೂರು. ಒಂದೇ ಸಂಕೇತವನ್ನು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಎಂಜಿನ್ನುಗಳಿಗೆ ಬಳಸಿರುವುದರಿಂದ, ಎರಕದ ದಿನಾಂಕದಿಂದ ವರ್ಷವನ್ನು ಖಚಿತಪಡಿಸಿಕೊಂಡ ಬಳಿಕವೇ ಸಂಕೇತಗಳ ಪಟ್ಟಿಯಲ್ಲಿ ಹುಡುಕಬೇಕು. 1968ರಿಂದ ಕಾರಿನ ಗುರುತು ಸಂಖ್ಯೆಯ ಕೊನೆಯ ಭಾಗವನ್ನೂ ಎಂಜಿನ್ನಿನ ಮೇಲೆ ಹೊಡೆಯುವುದು ರೂಢಿಗೆ ಬಂತು. ಅದು ಡ್ಯಾಶ್‌ಬೋರ್ಡಿನ ಸಂಖ್ಯೆಗೆ ತಾಳೆಯಾದರೆ ಎಂಜಿನ್ ಆ ಕಾರಿನೊಂದಿಗೇ ಹುಟ್ಟಿದ್ದು.

ತಾಳೆಯಾದ ಎಂಜಿನ್ನಿಗೆ ಬೆಲೆ ಹೆಚ್ಚಾದ್ದರಿಂದ ಹಳೆಯ ಅಂಕಿ ಅಳಿಸಿ ಹೊಸದನ್ನು ಹೊಡೆಯುವ ವಂಚನೆಯೂ ನಡೆದಿದೆ. ಮೂಲ ಮೇಲ್ಮೈಯಲ್ಲಿ ಕಾರ್ಖಾನೆಯ ಯಂತ್ರ ಉಳಿಸಿದ ನವಿರಾದ ಸಮಾನಾಂತರ ಗೆರೆಗಳು ಹಿಂದಿನಿಂದ ಮುಂದಕ್ಕೆ ಸಾಗುತ್ತವೆ, ಅಕ್ಷರಗಳ ಸುತ್ತ ಮಾತ್ರ ಅವು ಮಾಯವಾಗಿದ್ದರೆ ಸಂಶಯಪಡಬೇಕು. ದಿನಾಂಕಗಳೂ ಸುಳ್ಳನ್ನು ಬಯಲುಮಾಡುತ್ತವೆ: ಎರಕ ಮೊದಲು, ಜೋಡಣೆ ಅನಂತರ, ಕಾರು ತಯಾರಾದದ್ದು ಕೊನೆಗೆ, ಈ ಅನುಕ್ರಮ ತಲೆಕೆಳಗಾಗಲು ಸಾಧ್ಯವಿಲ್ಲ. ಕರ್ನಾಟಕದಲ್ಲಿ ನೋಂದಣಿಯಾದ ಕಾರಾದರೆ ಆರ್‌ಸಿ ಪುಸ್ತಕದಲ್ಲಿ ಬರೆದ ಎಂಜಿನ್ ನಂಬರನ್ನೂ ಇದೇ ವೇಳೆ ಹೋಲಿಸಿ ನೋಡುವುದು ಒಳ್ಳೆಯದು.

ಎಂಜಿನ್ ಬಿಚ್ಚಿ ಕಟ್ಟುವಾಗ ಬ್ಲಾಕಿನ ಮೇಲ್ಮೈಯನ್ನು ತರಿದಿದ್ದರೆ ಅಕ್ಷರಗಳಿದ್ದ ಆ ಸಮತಟ್ಟು ಜಾಗ ಬರಿದಾಗಿರುತ್ತದೆ. ಆಗ ಹೆಡ್ ಇಳಿಸಿ ಅಳೆಯುವುದೊಂದೇ ದಾರಿ. ಸಿಲಿಂಡರಿನ ಒಳವ್ಯಾಸವನ್ನು ಬೋರ್ ಎಂದೂ, ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಚಲಿಸುವ ದೂರವನ್ನು ಸ್ಟ್ರೋಕ್ ಎಂದೂ ಕರೆಯುತ್ತಾರೆ. ಬೋರಿನ ವರ್ಗವನ್ನು 0.7854ರಿಂದ, ಬಳಿಕ ಸ್ಟ್ರೋಕಿನಿಂದ, ಕೊನೆಗೆ ಎಂಟರಿಂದ ಗುಣಿಸಿದರೆ ಗಾತ್ರ ದೊರೆಯುತ್ತದೆ. 302, 327 ಮತ್ತು 350 ಈ ಮೂರರ ಮೂಲ ಬೋರೂ 4 ಇಂಚೇ ಆಗಿದ್ದು, ಸವೆದ ಸಿಲಿಂಡರುಗಳನ್ನು 0.030 ಇಂಚು ಹಿಗ್ಗಿಸುವುದು ಸಾಮಾನ್ಯವಾದ್ದರಿಂದ, ಬೋರನ್ನು ನೆಚ್ಚಿಕೊಳ್ಳದೆ ಸ್ಟ್ರೋಕನ್ನೇ ನೋಡಬೇಕು: 3 ಇಂಚಾದರೆ 302, 3.25 ಆದರೆ 327, 3.48 ಆದರೆ 350.