ಗರ್ಭನಿರೋಧಕ ಮಾತ್ರೆ ಮತ್ತು ರಕ್ತದ ಹೆಪ್ಪು: ಅಪಾಯದ ಅಳತೆ

ಸಂಯುಕ್ತ ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್, ಯಕೃತ್ತಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಕಾಲಿನ ಆಳದ ಅಭಿಧಮನಿಯಲ್ಲಿ ಮೂಡಿದ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ಆದರೂ ಅಪಾಯವನ್ನು ಅಂಕಿಗಳಿಂದ ಅಳೆಯಬೇಕು, ಭಯದಿಂದಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ನೀಡಿದ ಅಂದಾಜಿನಂತೆ, ವರ್ಷಕ್ಕೆ ಪ್ರತಿ 10,000 ಮಹಿಳೆಯರಿಗೆ ಮಾತ್ರೆ ಸೇವಿಸದ, ಗರ್ಭಿಣಿಯರಲ್ಲದವರಲ್ಲಿ 1–5, ಸೇವಿಸುವವರಲ್ಲಿ 3–9, ಗರ್ಭಿಣಿಯರಲ್ಲಿ 5–20 ಹೆಪ್ಪಿನ ಪ್ರಕರಣಗಳು.

ಗರ್ಭಧಾರಣೆಗಿಂತ ಅಪಾಯ ಕಡಿಮೆ ಎಂದಮಾತ್ರಕ್ಕೆ ಎಚ್ಚರಿಕೆಯೇ ಬೇಡವೇ? ಖಂಡಿತ ಬೇಕು. 35 ದಾಟಿದ ಧೂಮಪಾನಿಗಳಿಗೆ, ಹಿಂದೆ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ ಈ ಮಾತ್ರೆ ಸಲ್ಲದು. ಅವರಿಗೆ ಕಾಪರ್-ಟಿಯಂಥ ಪರ್ಯಾಯವಿದೆ. ಒಂದೇ ಕಾಲಿನ ಊತ, ಹಠಾತ್ ಉಸಿರಾಟದ ತೊಂದರೆ ಕಂಡರೆ ವೈದ್ಯರನ್ನು ಕಾಣಲು ತಡಮಾಡಬಾರದು. ಆದರೆ 1995ರಲ್ಲಿ ಬ್ರಿಟನ್ನಿನಲ್ಲಿ ಮಾತ್ರೆಯಿಂದಾಗುವ ಹೆಪ್ಪಿನ ಬಗ್ಗೆ ಎಚ್ಚರಿಕೆ ಹೊರಬಿದ್ದಾಗ ಅನೇಕರು ಗಾಬರಿಯಿಂದ ಮಾತ್ರೆ ಬಿಟ್ಟರು. ಮರುವರ್ಷ ಗರ್ಭಪಾತಗಳು ಏರಿದವು. ಅರ್ಧ ಮಾಹಿತಿಯೂ ಅಪಾಯವೇ.