ಸುಮ್ಮನೆ ಮಲಗಿದ ಮಿದುಳು ಏನು ಹೇಳುತ್ತೆ?

ಕ್ಲಾಸಿನಲ್ಲಿ ಕೋರಿಲೇಶನ್ ಪಾಠ ಆದಾಗ ನಮಗೆಲ್ಲ ಬಂದ ಪ್ರಶ್ನೆ ಒಂದೇ: ಇಂಟರ್ನಲ್ಸ್‌ಗೆ ಇದು ಎಷ್ಟು ಮಾರ್ಕ್ಸ್‌ಗೆ ಬರುತ್ತೆ? ಆದರೆ ನಮ್ಮ ಗುಂಪಿನಲ್ಲೊಬ್ಬನ ಪ್ರಶ್ನೆ ಬೇರೆ ಇತ್ತು. ಅವನ ಅಜ್ಜಿಗೆ ಅಲ್ಜೈಮರ್ ಕಾಯಿಲೆ. ಸಾಕಿದ ಮೊಮ್ಮಗನನ್ನೇ "ನೀನು ಯಾರ ಮಗನಪ್ಪಾ?" ಅಂತ ಕೇಳ್ತಾರೆ. "ಮಿದುಳಿನ ಭಾಗಗಳ ನಡುವಿನ ಸಂಪರ್ಕ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತಂತೆ. ಹಾಗಿದ್ರೆ ಅಜ್ಜಿದು ಮೊದಲೇ ಯಾಕೆ ಗೊತ್ತಾಗಲಿಲ್ಲ?" ಅಂದ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೂತು ಓದಿದೆವು. ನಮಗೆ ಅರ್ಥವಾದಷ್ಟನ್ನು ಇಲ್ಲಿ ಬರೆದಿದ್ದೇವೆ.

ಸಿಗ್ನಲ್ ಎಲ್ಲಿಂದ ಬರುತ್ತೆ?

ಎಫ್‌ಎಂಆರ್‌ಐ ಯಂತ್ರ ನರಕೋಶಗಳ ವಿದ್ಯುತ್ತನ್ನು ನೇರವಾಗಿ ಅಳೆಯುವುದಿಲ್ಲ. ಮಿದುಳಿನ ಯಾವುದಾದರೂ ಭಾಗ ಕೆಲಸ ಮಾಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ಹಿಮೋಗ್ಲೋಬಿನ್ ಮತ್ತು ಇಲ್ಲದ ಹಿಮೋಗ್ಲೋಬಿನ್ ಕಾಂತಕ್ಷೇತ್ರದಲ್ಲಿ ಬೇರೆ ಬೇರೆ ಥರ ವರ್ತಿಸುತ್ತವೆ. ಇದನ್ನು ಸಿಗ್ನಲ್ ಆಗಿ ಹಿಡಿಯಬಹುದು ಅಂತ 1990ರಲ್ಲಿ ಸೇಜಿ ಒಗಾವಾ ತೋರಿಸಿದರು. ಸಾಮಾನ್ಯವಾಗಿ ಸುಮಾರು 2 ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಚಿತ್ರ ಸಿಗುತ್ತದೆ. ಅಂದರೆ ಒಂದೊಂದು ಜಾಗಕ್ಕೂ ಒಂದೊಂದು ಟೈಮ್ ಸೀರೀಸ್. ಸ್ಯಾಂಪ್ಲಿಂಗ್ 0.5 ಹರ್ಟ್ಜ್, ನೈಕ್ವಿಸ್ಟ್ ಪ್ರಕಾರ 0.25 ಹರ್ಟ್ಜ್ ವರೆಗೆ ನೋಡಬಹುದು. ನಮಗೆ ಬೇಕಾದ ಏರಿಳಿತ 0.1 ಹರ್ಟ್ಜ್‌ಗಿಂತ ಕೆಳಗೇ ಇರುವುದರಿಂದ ಇಷ್ಟು ಸಾಕು.

1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಭರತ್ ಬಿಸ್ವಾಲ್ ಮತ್ತು ಜೊತೆಗಾರರು ಒಂದು ವಿಷಯ ಪ್ರಕಟಿಸಿದರು. ಬೆರಳು ಆಡಿಸುವಾಗ ಎಡ ಮತ್ತು ಬಲ ಮಿದುಳಿನ ಚಲನೆಯ ಭಾಗಗಳು ಕೆಲಸ ಮಾಡುವುದು ಗೊತ್ತಿದ್ದದ್ದೇ. ಆದರೆ ವ್ಯಕ್ತಿ ಏನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ಆ ಎರಡು ಭಾಗಗಳ ಸಿಗ್ನಲ್ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿತ್ತು. ನಾಯ್ಸ್ ಅಂತ ಬಿಸಾಡುತ್ತಿದ್ದ ಸಿಗ್ನಲ್‌ನಲ್ಲೇ ವಿಷಯ ಇತ್ತು!

ಹೀಗೆ ಎರಡು ಭಾಗಗಳ ಟೈಮ್ ಸೀರೀಸ್‌ಗಳ ನಡುವಿನ ಕೋರಿಲೇಶನ್ನೇ 'ಫಂಕ್ಷನಲ್ ಕನೆಕ್ಟಿವಿಟಿ'. ಒಂದು ಎಚ್ಚರಿಕೆ: ಇದು ವೈರ್ ಅಲ್ಲ. ಎರಡು ಹಾಸ್ಟೆಲ್‌ಗಳಲ್ಲಿ ಯಾವಾಗಲೂ ಒಟ್ಟಿಗೇ ಕರೆಂಟ್ ಹೋಗುತ್ತೆ ಅಂದ್ರೆ ಅವುಗಳ ನಡುವೆ ವೈರ್ ಎಳೆದಿದ್ದಾರೆ ಅಂತಲ್ಲ, ಎರಡಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್ ಇರಬಹುದು. ಮಿದುಳಿನಲ್ಲೂ ಹಾಗೆಯೇ, ಮೂರನೆಯ ಭಾಗವೊಂದು ಎರಡನ್ನೂ ನಡೆಸುತ್ತಿರಬಹುದು.

ಕಾಯಿಲೆಯಲ್ಲಿ ಏನಾಗುತ್ತೆ?

ನಮ್ಮ ತೂಕದಲ್ಲಿ ಮಿದುಳಿನ ಪಾಲು ಸುಮಾರು 2%, ಆದರೆ ಶಕ್ತಿಯ ಖರ್ಚಿನಲ್ಲಿ ಸುಮಾರು 20%. ಸುಮ್ಮನೆ ಕೂತರೂ ಈ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಸುಮ್ಮನಿರುವಾಗಲೇ ಹೆಚ್ಚು ಚುರುಕಾಗುವ ಕೆಲವು ಭಾಗಗಳ ಜಾಲವನ್ನು 2001ರಲ್ಲಿ ಮಾರ್ಕಸ್ ರೈಕ್ಲ್ ತಂಡ 'ಡಿಫಾಲ್ಟ್ ಮೋಡ್' ಎಂದು ವಿವರಿಸಿತು. ಹಳೆಯದನ್ನು ನೆನೆಯುವಾಗ, ನಾಳಿನದನ್ನು ಯೋಚಿಸುವಾಗ ಕೆಲಸ ಮಾಡುವುದೂ ಇದೇ ಜಾಲ. 2004ರಲ್ಲಿ ಮೈಕಲ್ ಗ್ರೈಷಿಯಸ್ ತಂಡ ಅಲ್ಜೈಮರ್ ಇರುವವರನ್ನು ಆರೋಗ್ಯವಂತ ಹಿರಿಯರ ಜೊತೆ ಹೋಲಿಸಿದಾಗ ಈ ಜಾಲದ ಸಂಪರ್ಕ ಕಡಿಮೆಯಾಗಿತ್ತು.

ಹಾಗಿದ್ರೆ ಸ್ಕ್ಯಾನ್ ಮಾಡಿ ಹೇಳಿಬಿಡಬಹುದಲ್ವಾ? ಇಲ್ಲೇ ಇರೋದು ತೊಂದರೆ. ಪೆನ್ನು ತಗೊಳ್ಳಿ.

ಎರಡು ಭಾಗಗಳ ನಾಲ್ಕು ಸ್ಯಾಂಪಲ್‌ಗಳು ಹೀಗಿರಲಿ:
ಎ: 1, -1, 1, -1
ಬಿ: 1, 1, -1, -1

ಎರಡರ ಸರಾಸರಿಯೂ 0. ಗುಣಿಸಿ ಕೂಡಿದರೆ 1 - 1 - 1 + 1 = 0. ಕೋರಿಲೇಶನ್ ಸೊನ್ನೆ, ಸಂಬಂಧವೇ ಇಲ್ಲ. ಈಗ ಐದನೇ ಸ್ಯಾಂಪಲ್ ಹೊತ್ತಿಗೆ ಮಲಗಿದ್ದವರು ತಲೆ ಅಲ್ಲಾಡಿಸಿದರು, ಎರಡೂ ಕಡೆ 10 ಬಂತು ಅಂದುಕೊಳ್ಳಿ. ಸರಾಸರಿ ಈಗ 2. ವ್ಯತ್ಯಾಸಗಳು:
ಎ: -1, -3, -1, -3, 8
ಬಿ: -1, -1, -3, -3, 8

ಗುಣಲಬ್ಧಗಳ ಮೊತ್ತ 1 + 3 + 3 + 9 + 64 = 80. ಒಂದೊಂದರ ವರ್ಗಗಳ ಮೊತ್ತ 84. ಕೋರಿಲೇಶನ್ = 80/84, ಅಂದರೆ ಸುಮಾರು 0.95! ಮಿದುಳಿನಲ್ಲಿ ಏನೂ ಬದಲಾಗಿಲ್ಲ, ತಲೆ ಒಂದು ಸಲ ಅಲ್ಲಾಡಿದೆ ಅಷ್ಟೆ.

ನಿಜವಾದ ಸ್ಕ್ಯಾನ್‌ನಲ್ಲಿ ಸ್ಯಾಂಪಲ್‌ಗಳು ನೂರಾರು ಇರುತ್ತವೆ, ಪರಿಣಾಮ ಇಷ್ಟು ಜೋರಾಗಿರಲ್ಲ. ಆದರೂ 2012ರಲ್ಲಿ ಜೊನಾಥನ್ ಪವರ್ ತಂಡ ತೋರಿಸಿದ್ದು ಇದನ್ನೇ: ತಲೆಯ ಸಣ್ಣ ಅಲುಗಾಟವೂ ಹತ್ತಿರದ ಭಾಗಗಳ ಕೋರಿಲೇಶನ್ ಹೆಚ್ಚಿಸಿ, ದೂರದ ಭಾಗಗಳದ್ದನ್ನು ತಗ್ಗಿಸುತ್ತದೆ. ಮಕ್ಕಳು, ವಯಸ್ಸಾದವರು, ಕಾಯಿಲೆ ಇರುವವರು ಹೆಚ್ಚು ಅಲುಗಾಡುತ್ತಾರೆ. ಹಾಗಾಗಿ "ರೋಗಿಗಳಲ್ಲಿ ಸಂಪರ್ಕ ಕಡಿಮೆ" ಅಂತ ಕಂಡದ್ದರಲ್ಲಿ ಕಾಯಿಲೆ ಎಷ್ಟು, ಅಲುಗಾಟ ಎಷ್ಟು? ಅದಕ್ಕೇ ಈಗ ಅಲುಗಾಡಿದ ಫ್ರೇಮ್‌ಗಳನ್ನು ತೆಗೆದುಹಾಕುತ್ತಾರೆ, ಚಲನೆಯ ಪಾಲನ್ನು ಲೆಕ್ಕ ಹಾಕಿ ಕಳೆಯುತ್ತಾರೆ, ಎರಡು ಗುಂಪುಗಳ ಅಲುಗಾಟ ಸಮ ಇದೆಯಾ ಅಂತಲೂ ನೋಡುತ್ತಾರೆ.

ಇನ್ನೊಂದು ಮಾತು. ಇಷ್ಟೆಲ್ಲ ಸರಿಪಡಿಸಿದ ಮೇಲೂ ಸಿಗುವುದು ಗುಂಪಿನ ಸರಾಸರಿ. ಎರಡು ಸೆಕ್ಷನ್‌ಗಳ ಸರಾಸರಿ ಮಾರ್ಕ್ಸ್ ಬೇರೆ ಬೇರೆ ಇರಬಹುದು, ಆದರೆ ಒಬ್ಬನ ಮಾರ್ಕ್ಸ್ ನೋಡಿ ಅವನು ಯಾವ ಸೆಕ್ಷನ್ ಅಂತ ಹೇಳೋಕಾಗುತ್ತಾ? ಅದಕ್ಕೇ ವೈದ್ಯರು ಇದೊಂದನ್ನೇ ನಂಬದೆ ಮನೆಯವರ ಮಾತು, ನೆನಪಿನ ಪರೀಕ್ಷೆ, ಮಾಮೂಲಿ ಎಂಆರ್‌ಐ ಎಲ್ಲವನ್ನೂ ಸೇರಿಸಿ ನೋಡುತ್ತಾರೆ.

ಇದಕ್ಕೆ ಒಂದು ದಾರಿ ಒಬ್ಬರನ್ನೇ ವರ್ಷಗಟ್ಟಲೆ ಗಮನಿಸುವುದು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಜೊತೆ ಇಂಥದ್ದೇ ಅಧ್ಯಯನ ನಡೆಸುತ್ತಿದೆ. ಕಾಯಿಲೆ ಬರುವ ಮುಂಚಿನ ಬದಲಾವಣೆ ಕಾಣಬೇಕಾದರೆ ಆರೋಗ್ಯವಾಗಿದ್ದಾಗಿನ ಅಳತೆ ಬೇಕೇ ಬೇಕು.

ಗೆಳೆಯನಿಗೆ ನಾವು ಕೊಟ್ಟ ಉತ್ತರ ಇಷ್ಟು: ಸಿಗ್ನಲ್ ಇದೆ, ಆದರೆ ಒಬ್ಬರ ಬಗ್ಗೆ ತೀರ್ಪು ಹೇಳುವಷ್ಟು ಸ್ವಚ್ಛವಾಗಿಲ್ಲ. ನೀವು ಯಾರೂ ತಪ್ಪು ಮಾಡಿಲ್ಲ. ಅವನು ಸ್ವಲ್ಪ ಹೊತ್ತು ಆ 80/84ನ್ನೇ ನೋಡುತ್ತಿದ್ದ. ಆಮೇಲೆ, "ಈ ನಾಯ್ಸ್ ತೆಗೆಯೋ ಕೆಲಸ ನಮ್ಮಂಥವರದ್ದೇ ಅಲ್ವಾ?" ಅಂದ.

ಹೌದು, ನಮ್ಮದೇ. ಮುಂದಿನ ಸಲ ಕೋರಿಲೇಶನ್ ಲೆಕ್ಕ ಬಂದಾಗ ಉತ್ತರ ಬರೆದು ಮುಗಿಸಬೇಡಿ, ಆ ಸಂಖ್ಯೆ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ.